ಬಸವನಗುಡಿಯ ಉಪನಿಷತ್ ಪಾಠ, ಒಬ್ಬ ಮೆಕ್ಯಾನಿಕ್ ಕಂಡಂತೆ

ಹನುಮಂತನಗರದಲ್ಲಿ ನನ್ನದೊಂದು ಟೂವೀಲರ್ ಗ್ಯಾರೇಜ್ ಇದೆ. ಭಾನುವಾರ ರಜೆ. ಈ ಸಲ ಎಂಟು ಭಾನುವಾರ ಬೆಳಗ್ಗೆ ಗಾಂಧಿ ಬಜಾರಿನ ಹಿಂದಿನ ರಸ್ತೆಯ ಒಂದು ಮಹಡಿ ಹತ್ತಿ ಮುಂಡಕ ಉಪನಿಷತ್ತಿನ ಪಾಠ ಕೇಳಿ ಬಂದೆ. ಫೀಸು 600 ರೂಪಾಯಿ, ಮಧ್ಯೆ ಒಂದು ಕಾಫಿ. ಜಾಗದ ಹೆಸರು ಹಾಕುವುದಿಲ್ಲ, ಮುಂದೆ ಸ್ವಲ್ಪ ಗೊಣಗುವುದಿದೆ.

ಮೇಷ್ಟ್ರು ನೇರ ಮುಂಡಕಕ್ಕೆ ಹೋಗಲಿಲ್ಲ. ಏನನ್ನು ತಿಳಿಯಬೇಕು ಅನ್ನುವುದಕ್ಕೆ ಮೊದಲು ತಿಳಿಯುವುದು ಹೇಗೆ ಅಂತ ನೋಡೋಣ ಎಂದು ಎರಡು ವಾರ ಪ್ರಮಾಣಗಳನ್ನೇ, ಅಂದರೆ ತಿಳಿಯುವ ದಾರಿಗಳನ್ನೇ, ಹಿಡಿದುಕೊಂಡರು. ದೇವರು, ವೇದ ಒಪ್ಪದ ಚಾರ್ವಾಕರಿಗೆ ಪ್ರತ್ಯಕ್ಷ, ಅಂದರೆ ಕಣ್ಣಾರೆ ಕಂಡದ್ದು, ಒಂದೇ ಸಾಕು. ತರ್ಕಶಾಸ್ತ್ರದ ನೈಯಾಯಿಕರಿಗೆ ನಾಲ್ಕು, ಅದ್ವೈತಿಗಳಿಗೆ ಆರು. ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿ ಇದೆ ಅಂತ ತಿಳಿಯುವುದು ಅನುಮಾನ. ನಮ್ಮ ಮಾತಿನಲ್ಲಿ ಅನುಮಾನ ಅಂದರೆ ಸಂಶಯ ಅಲ್ವಾ, ಇಲ್ಲಿ ಅದಕ್ಕೆ ಉಲ್ಟಾ.

ನನಗೆ ಬೆಟ್ಟ ಯಾಕೆ, ಸೈಲೆನ್ಸರ್ ಸಾಕು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಎಂಜಿನ್ ಬಿಚ್ಚದೆ ಹೇಳುತ್ತೇನೆ ಅಂದೆ. ಮೇಷ್ಟ್ರು ನಕ್ಕು, "ಚಳಿಗಾಲದ ಬೆಳಗ್ಗೆ ಬರೋ ಬಿಳಿ ಆವಿಗೆ ಏನ್ ಹೇಳ್ತೀರಿ?" ಅಂತ ಕೇಳಿದರು. ನನ್ನ ಬಾಯಿ ಬಂದ್. ಅಂಗಡಿ ಹಾಕಿದ ಹೊಸದರಲ್ಲಿ, ಒಂದು ಡಿಸೆಂಬರ್‌ನಲ್ಲಿ, ಅಂಥದ್ದೇ ಆವಿ ನೋಡಿ ಸುಮ್ನೆ ಎಂಜಿನ್ ಹೆಡ್ ಬಿಚ್ಚಿದ್ದೆ. ಒಳಗೆ ಎಲ್ಲ ಸರಿಯಾಗಿತ್ತು. ಮಂಜನ್ನು ಹೊಗೆ ಅಂದುಕೊಂಡರೆ ಅನುಮಾನ ಕೆಡುತ್ತದೆ ಅಂತ ತರ್ಕದವರು ಯಾವತ್ತೋ ಹೇಳಿಟ್ಟಿದ್ದಾರೆ.

ಇನ್ನೂ ಇಷ್ಟವಾದದ್ದು ಅರ್ಥಾಪತ್ತಿ. ದೇವದತ್ತ ದಪ್ಪಗಿದ್ದಾನೆ, ಹಗಲು ಊಟ ಮಾಡುವುದಿಲ್ಲ. ಹಾಗಾದರೆ ರಾತ್ರಿ ತಿನ್ನುತ್ತಿರಲೇಬೇಕು. ಗ್ಯಾರೇಜಿನಲ್ಲಿ ಇದು ದಿನದ ಮಾತು: ಆಯಿಲ್ ಕಮ್ಮಿಯಾಗಿದೆ, ನೆಲದ ಮೇಲೆ ಒಂದು ಹನಿ ಸೋರಿಲ್ಲ, ಹಾಗಾದರೆ ಒಳಗೇ ಉರಿದಿದೆ. ಇಪ್ಪತ್ತು ವರ್ಷದಿಂದ ಮಾಡುತ್ತಿರುವುದಕ್ಕೆ ಒಂದು ಹೆಸರಿದೆ ಅಂತ ಖುಷಿಯಾಗಿ ಮನೆಯಲ್ಲೂ ಪಾಠ ಮಾಡಿದೆ. "ಡಬ್ಬಿಯಲ್ಲಿ ಚಕ್ಕುಲಿ ಇಲ್ಲ, ಮಕ್ಕಳು ನಿನ್ನೆಯಿಂದ ಅಜ್ಜಿ ಮನೇಲಿದ್ದಾರೆ. ಹಾಗಾದರೆ ಯಾರ್ರೀ ತಿಂದಿದ್ದು?" ಅಂದಳು ಹೆಂಡತಿ.

ಮೂರನೇ ವಾರ ಮುಂಡಕ. ಶೌನಕ ಅನ್ನುವ ದೊಡ್ಡ ಗೃಹಸ್ಥ ಅಂಗಿರಸನ ಹತ್ತಿರ ಬಂದು, ಯಾವುದನ್ನು ತಿಳಿದರೆ ಇದೆಲ್ಲ ತಿಳಿದಂತಾಗುತ್ತದೆ ಅಂತ ಕೇಳುತ್ತಾನೆ. ವಿದ್ಯೆ ಎರಡು, ಪರಾ ಮತ್ತು ಅಪರಾ, ಅಂತ ಉತ್ತರ ಶುರುವಾಗುತ್ತದೆ. ನಾಲ್ಕು ವೇದ, ವ್ಯಾಕರಣ, ಛಂದಸ್ಸು, ಜ್ಯೋತಿಷದಂಥ ಆರು ವೇದಾಂಗ, ಎಲ್ಲವೂ ಅಪರಾ. ಅಕ್ಷರವನ್ನು ತಿಳಿಸುವುದು ಪರಾ. ಪಕ್ಕದ ಅಜ್ಜಿ ತಡೆಯಲಾರದೆ, "ವೇದಾನೂ ಕೆಳಗೆ ಹಾಕಿಬಿಟ್ರಾ?" ಅಂದರು. "ಹಾಕಿದ್ದು ನಾನಲ್ಲಮ್ಮ. ಈ ಮುಂಡಕ ಇರೋದೇ ಅಥರ್ವವೇದದಲ್ಲಿ" ಅಂದರು ಮೇಷ್ಟ್ರು.

ಅಕ್ಷರ ಅಂದರೆ ಅ ಆ ಇ ಈ ಅಲ್ಲ, ಸವೆಯದೇ ಇರುವುದು. ದಿನಾ ಬ್ರೇಕ್ ಶೂ ಬದಲಾಯಿಸುವವನಿಗೆ ಇದು ಅಷ್ಟು ಸುಲಭಕ್ಕೆ ಒಳಗೆ ಇಳಿಯಲಿಲ್ಲ.

ಈಗ ದೂರು. ಒಬ್ಬರು ಹಿರಿಯರು ಮಧ್ವಾಚಾರ್ಯರ ಪ್ರಕಾರ ಈ ಪರಾ-ಅಪರಾ ವಿಂಗಡಣೆ ಹೇಗೆ ಅಂತ ಕೇಳಿದರು. ದ್ವೈತದವರಿಗೆ ಪ್ರಮಾಣ ಮೂರೇ ಅಂತಲೂ ನೆನಪಿಸಿದರು. "ಇಲ್ಲಿ ಶಾಂಕರಭಾಷ್ಯ ಮಾತ್ರ" ಅಂತ ಮೇಷ್ಟ್ರು ಮಾತು ಮುಗಿಸಿಬಿಟ್ಟರು. ಮಧ್ವರ ಕಡೆಯವರೂ ಇರುವ ಬಸವನಗುಡಿಯಲ್ಲಿ ಕೂತು ಹಾಗಂದರೆ ಹೇಗೆ! ಆ ಹಿರಿಯರು ಮುಂದಿನ ವಾರ ಬರಲಿಲ್ಲ. ಇನ್ನು ಮುಂಡಕದಲ್ಲಿ ಇರುವುದು 64 ಮಂತ್ರ, ಕೊನೆಯ ಎರಡು ವಾರ ಮಾತ್ರ ರೈಲು ಬಿಟ್ಟಂತೆ ಓಡಿಸಿದರು. ಅದರಲ್ಲಿ ಬರುವ ಒಂದೇ ಮರದ ಎರಡು ಹಕ್ಕಿಗಳ ಹೋಲಿಕೆಗೆ ಸಿಕ್ಕಿದ್ದು ಹತ್ತು ನಿಮಿಷ. ಸತ್ಯಮೇವ ಜಯತೇ ಬರುವುದೂ ಆ ಮೂರನೇ ಮುಂಡಕದಲ್ಲೇ (ಇದರ ಭಾಗಗಳಿಗೂ ಮುಂಡಕ ಅಂತಲೇ ಹೆಸರು), ಅದಕ್ಕೂ ನಿಲ್ಲಲಿಲ್ಲ. ಮೈಕ್ ಕೀ ಅನ್ನುತ್ತದೆ. ಗಾಡಿ ನಿಲ್ಲಿಸಲು ಜಾಗ ಇಲ್ಲ, ಬಸ್ಸಿನಲ್ಲಿ ಹೋಗಿ.

ಮುಂದಿನ ಬ್ಯಾಚ್ ಕೇನ ಉಪನಿಷತ್ತು. ತಿಳಿದೆ ಅನ್ನುವವನಿಗೆ ತಿಳಿದಿಲ್ಲ ಅನ್ನುವ ಮಾತು ಅದರಲ್ಲೇ ಇದೆಯಂತೆ. ದುಡ್ಡು ಕಟ್ಟಿ ಬಂದಿದ್ದೇನೆ. ಆ ಮೈಕ್ ಒಂದ್ಸಲ ಬಿಚ್ಚಿ ನೋಡ್ಲಾ ಅಂತಲೂ ಕೇಳಿ ಬಂದೆ.