ಆರು ತಂತಿ, ಏಳು ತಂತಿ, ಬ್ಯಾರಿಟೋನ್, ಪೆಡಲ್: ಹೆವಿ ಸೌಂಡಿಗೆ ಯಾವುದು?

ಅಮೆರಿಕದ ಪ್ರೋಗ್ (ಪ್ರೋಗ್ರೆಸಿವ್) ಮೆಟಲ್ ಬ್ಯಾಂಡ್ ಡ್ರೀಮ್ ಥಿಯೇಟರ್ 2003ರಲ್ಲಿ 'ಟ್ರೇನ್ ಆಫ್ ಥಾಟ್' ತಂದಾಗ ಎದ್ದ ವಾದ ಇನ್ನೂ ತಣ್ಣಗಾಗಿಲ್ಲ. ಮಂಗಳೂರು, ಸುರತ್ಕಲ್, ಮಣಿಪಾಲದ ಕಡೆ ಪ್ರೋಗ್ ಮೆಟಲ್ ಕೇಳುವವರು ನಾಲ್ಕು ಜನ ಸೇರಿದರೆ ಎರಡು ಪಂಗಡ ಆಗಿಯೇ ಆಗುತ್ತದೆ. ಒಂದು ಪಂಗಡಕ್ಕೆ 1992ರ 'ಇಮೇಜಸ್ ಆಂಡ್ ವರ್ಡ್ಸ್' ಅಂದರೆ ಪ್ರಾಣ, ಆಮೇಲಿನದ್ದರಲ್ಲಿ ಮಾಧುರ್ಯ ಕಳೆದುಹೋಯಿತು ಎಂಬ ದುಃಖ. ಇನ್ನೊಂದು ಪಂಗಡಕ್ಕೆ ಬ್ಯಾಂಡ್ ಮೈಕೊಡವಿ ನಿಂತದ್ದೇ 2003ರಲ್ಲಿ. ಇವರಿಬ್ಬರೂ ತಕರಾರಿಲ್ಲದೆ ಒಪ್ಪುವುದು ಒಂದೇ ಮಾತನ್ನು: ಟ್ಯೂನಿಂಗ್ ಇಳಿಸಿದರು, ಹೆವಿ ಆಯಿತು.

ಆ ಮಾತು ಪರೀಕ್ಷೆಗೆ ನಿಲ್ಲುವುದಿಲ್ಲ. ಬ್ಯಾಂಡಿನ ಗಿಟಾರಿಸ್ಟ್ ಜಾನ್ ಪೆಟ್ರುಚಿ ಏಳು ತಂತಿಯ ಗಿಟಾರ್ ಹಿಡಿದದ್ದು 1994ರ 'ಅವೇಕ್'ನಲ್ಲೇ. ಅದರ 'ದ ಮಿರರ್' ಹಾಡಿನ ಕೆಳಗಿನ ತಂತಿ ಬಿ, ಅಂದರೆ 61.7 ಹರ್ಟ್ಸ್. 2003ರ ಆಲ್ಬಮ್ಮಿನ ಮೊದಲ ಹಾಡು 'ಆಸ್ ಐ ಆಮ್' ಆರು ತಂತಿಯನ್ನು ಸಿ ತನಕ ಇಳಿಸಿದ್ದು, 65.4 ಹರ್ಟ್ಸ್. ಅರ್ಧ ಸ್ಟೆಪ್, ಅಂದರೆ ಒಂದು ಫ್ರೆಟ್‌ನಷ್ಟು ಮೇಲೇ ಇದೆ. ಆದರೂ ಕಿವಿಗೆ ಹೆಚ್ಚು ಭಾರ ಅನಿಸುವುದು ಎರಡನೆಯದೇ. 2002ರಲ್ಲಿ ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್' ಆಲ್ಬಮ್ಮನ್ನು ಇಡಿಯಾಗಿ ವೇದಿಕೆಯಲ್ಲಿ ನುಡಿಸಿ ಬಂದ ಬ್ಯಾಂಡ್ ಅದು. ಮರುವರ್ಷದ ಆಲ್ಬಮ್ಮಿನಲ್ಲಿ ಕೀಬೋರ್ಡ್ ಹಿಂದೆ ಸರಿಯಿತು, ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಮುಂದೆ ಬಂತು. ಇಳಿದ ಸ್ವರಕ್ಕಿಂತ ಖಾಲಿ ಬಿಟ್ಟ ಜಾಗ ಅಲ್ಲಿ ಹೆಚ್ಚು ಕೆಲಸ ಮಾಡಿದೆ.

ಇದು ಬರೀ ಅಭಿಮಾನಿಗಳ ವಾದವಾದರೆ ಬಿಟ್ಟುಬಿಡಬಹುದಿತ್ತು. ಆದರೆ ಕಾಲೇಜು ಫೆಸ್ಟಿಗೆ ತಯಾರಾಗುವ ಬ್ಯಾಂಡ್‌ಗಳು ಇದನ್ನೇ ನಂಬಿಕೊಂಡು ದುಡ್ಡು ಹಾಕುತ್ತವೆ. ಹಾಗಾಗಿ ಕೆಳಕ್ಕಿಳಿಯುವ ನಾಲ್ಕು ದಾರಿಗಳನ್ನೂ (ಇಳಿಸಿದ ಆರು ತಂತಿ, ಏಳು ತಂತಿ, ಉದ್ದ ತಂತಿಯ ಬ್ಯಾರಿಟೋನ್ ಗಿಟಾರ್, ಸ್ವರ ಇಳಿಸುವ ಪೆಡಲ್) ಅಕ್ಕಪಕ್ಕ ಇಟ್ಟು ನೋಡಿದೆವು. ರಿಫ್ ಒಂದೇ, ಬ್ರಿಡ್ಜ್ ಕಡೆಯ ಹಂಬಕರ್ ಪಿಕಪ್, ಒಂದು ಮಿಲಿಮೀಟರ್ ಪಿಕ್, ಮಾಡೆಲರ್‌ನಲ್ಲಿ (ಆಂಪಿನ ಸೌಂಡನ್ನು ಅನುಕರಿಸುವ ಯಂತ್ರ) ಅದೇ ಪ್ಯಾಚ್. ಏಳು ತಂತಿಯನ್ನೂ ಬ್ಯಾರಿಟೋನನ್ನೂ ಬಿಯಲ್ಲೇ ಬಿಟ್ಟು ಒಮ್ಮೆ, ಆರು ತಂತಿಗೆ ಸರಿಸಮ ಆಗಲೆಂದು ಸಿಗೆ ಏರಿಸಿ ಒಮ್ಮೆ.

ಕೈಯಲ್ಲಿರುವ ಆರು ತಂತಿಯ ಗಿಟಾರನ್ನೇ ಇಳಿಸುವುದು ಎಲ್ಲರೂ ಮೊದಲು ಮಾಡುವ ಕೆಲಸ. ಹೆಚ್ಚಿನವರು ಎಡವುವುದೂ ಇಲ್ಲೇ. ಮಾಮೂಲು 10–46 ಸೆಟ್ಟಿನ (ಅಂಕಿಗಳು ತಂತಿಯ ದಪ್ಪ, ಇಂಚಿನ ಸಾವಿರದ ಭಾಗದಲ್ಲಿ) ದಪ್ಪ ತಂತಿ 25.5 ಇಂಚಿನ ಸ್ಕೇಲ್‌ನಲ್ಲಿ (ತಂತಿ ಕಂಪಿಸುವ ಉದ್ದ) ಇಗೆ ಬಿಗಿದಾಗ ಸುಮಾರು 7.9 ಕಿಲೋ ಸೆಳೆತದಲ್ಲಿರುತ್ತದೆ. ಅದೇ ತಂತಿಯನ್ನು ಸಿಗೆ ಇಳಿಸಿದರೆ ಉಳಿಯುವುದು 5 ಕಿಲೋ. ಆರೂ ತಂತಿ ಸೇರಿ 46 ಕಿಲೋ ಎಳೆಯುತ್ತಿದ್ದದ್ದು 29ಕ್ಕೆ ಬರುತ್ತದೆ. ನೆಕ್‌ನ ಒಳಗಿನ ಟ್ರಸ್ ರಾಡ್ ಎಂಬ ಲೋಹದ ಸರಳು ಮಾತ್ರ ಮೊದಲಿನಷ್ಟೇ ಹಿಂದಕ್ಕೆ ತಳ್ಳುತ್ತಿರುವುದರಿಂದ ನೆಕ್ ಹಿಂದಕ್ಕೆ ಬಾಗುತ್ತದೆ, ಮೊದಲ ಐದು ಫ್ರೆಟ್‌ಗಳಲ್ಲಿ ತಂತಿ ಬಡಿಯಲು ಶುರುವಾಗುತ್ತದೆ. ಪಿಕ್ಕಿನಿಂದ ಜೋರಾಗಿ ಹೊಡೆದ ಕ್ಷಣ ಸ್ವರ ಮೇಲೆ ಜಿಗಿದು ಮತ್ತೆ ಇಳಿಯುತ್ತದೆ. ಪವರ್ ಕಾರ್ಡ್ (ಎರಡು ಸ್ವರದ ಜೋಡಿ) ಅಪಸ್ವರ ಕೇಳುವುದು ಅದರಿಂದ. ಟ್ಯೂನರ್ ಹಸಿರು ತೋರಿಸುತ್ತಲೇ ಇರುತ್ತದೆ, ಹಾಡು ಮಾತ್ರ ಕೂರುವುದಿಲ್ಲ.

ಪರಿಹಾರ 12–56 ಸೆಟ್. 56ರ ತಂತಿ ಸಿಯಲ್ಲಿ ಸುಮಾರು 7.5 ಕಿಲೋ ಸೆಳೆತ ಕೊಡುತ್ತದೆ, ಕೈಗೆ ಹಳೆಯ ಇ ತಂತಿಯ ಬಿಗಿಯೇ ಸಿಗುತ್ತದೆ. ತಂತಿ ಹಾಕಿದರೆ ಕೆಲಸ ಮುಗಿಯಲಿಲ್ಲ. 46ಕ್ಕೆ ಕೊರೆದ ನಟ್ಟಿನ (ನೆಕ್‌ನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ತೋಡಿನಲ್ಲಿ 56 ಕೂರುವುದಿಲ್ಲ, ಮೇಲೆಯೇ ಸಿಕ್ಕಿಕೊಂಡು ಟ್ಯೂನ್ ಮಾಡುವಾಗ ಟಿಕ್ ಟಿಕ್ ಎಂದು ಜಾರುತ್ತದೆ. ತೋಡನ್ನು ತಂತಿಗಿಂತ ಕೂದಲೆಳೆಯಷ್ಟು ಅಗಲಕ್ಕೆ ಉಜ್ಜಿಸಬೇಕು, ತಳ ಹೆಡ್ ಕಡೆಗೆ ಸ್ವಲ್ಪ ಇಳಿಜಾರು ಇರಬೇಕು. ಮೊದಲ ಫ್ರೆಟ್ಟನ್ನೂ ಕೊನೆಯ ಫ್ರೆಟ್ಟನ್ನೂ ಒತ್ತಿ ಹಿಡಿದಾಗ ಎಂಟನೆಯ ಫ್ರೆಟ್‌ನ ಮೇಲೆ 0.2 ಮಿಲಿಮೀಟರ್ ಸಂದು ಉಳಿಯುವಂತೆ ಟ್ರಸ್ ರಾಡ್ ತಿರುಗಿಸಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಹನ್ನೆರಡನೆಯ ಫ್ರೆಟ್‌ನಲ್ಲಿ ದಪ್ಪ ತಂತಿಯ ಎತ್ತರ 1.8ರಿಂದ 2 ಮಿಲಿಮೀಟರ್ ಇದ್ದರೆ ಸಾಕು. ಆಮೇಲೆ ಬ್ರಿಡ್ಜಿನ ಸ್ಯಾಡಲ್ ಹಿಂದೆ ಸರಿಸಿ ಇಂಟೊನೇಶನ್, ಅಂದರೆ ಎಲ್ಲ ಫ್ರೆಟ್‌ಗಳಲ್ಲೂ ಸ್ವರ ಸರಿಯಾಗಿಸುವುದು. ತೇಲುವ ಬ್ರಿಡ್ಜ್ ಇದ್ದರೆ ತಂತಿಗೂ ಹಿಂದಿನ ಸ್ಪ್ರಿಂಗಿಗೂ ಹೊಸದಾಗಿ ತೂಕ ಸರಿದೂಗಿಸಬೇಕು, ಅರ್ಧ ದಿನ ಅದಕ್ಕೇ ಹೋಗುತ್ತದೆ. ಫಿಕ್ಸೆಡ್ ಬ್ರಿಡ್ಜ್ ಇಲ್ಲದವರು ಈ ದಾರಿ ಹಿಡಿಯದಿರುವುದೇ ಒಳ್ಳೆಯದು.

ಇಷ್ಟೆಲ್ಲ ಮಾಡಿದ ಮೇಲೆ ಬರುವ ಸೌಂಡ್ ಮಾತ್ರ ನಿಜಕ್ಕೂ ಚೆನ್ನಾಗಿದೆ. ಆರೂ ತಂತಿ ಒಂದೇ ಬಣ್ಣದಲ್ಲಿ ಕೇಳುತ್ತವೆ, ಬೆರಳಿಗೆ ಹೊಸ ಪಾಠ ಬೇಕಿಲ್ಲ. ತೊಂದರೆ ಒಂದೇ: ಆ ಗಿಟಾರ್ ಇನ್ನು ಸಿಗೇ ಮೀಸಲು. ಮುಂದಿನ ಹಾಡು 1992ರದ್ದಾದರೆ ಇನ್ನೊಂದು ಗಿಟಾರ್ ಪಕ್ಕದಲ್ಲಿ ನಿಲ್ಲಿಸಿಕೊಳ್ಳಬೇಕು.

ಏಳು ತಂತಿ ಗೆಲ್ಲುವುದು ಅಲ್ಲೇ. ಮೇಲಿನ ಆರು ತಂತಿ ಎಂದಿನ ಇ ಟ್ಯೂನಿಂಗಲ್ಲೇ ಇರುತ್ತವೆ, ಕೆಳಗೊಂದು ಬಿ. ಹಳೆಯ ಹಾಡು, ಹೊಸ ಹಾಡು ಎರಡನ್ನೂ ಗಿಟಾರ್ ಬದಲಿಸದೆ ನುಡಿಸಬಹುದು. ಫೆಸ್ಟ್‌ನಲ್ಲಿ ಸೌಂಡ್‌ಚೆಕ್ ಸೇರಿಸಿ ಇಪ್ಪತ್ತು ನಿಮಿಷ ಕೊಟ್ಟಾಗ ಇದರ ಬೆಲೆ ಗೊತ್ತಾಗುತ್ತದೆ. ಆದರೆ ಅಂಗಡಿಯಿಂದ ಬಂದ ಹಾಗೆ ನುಡಿಸಿದರೆ ಬಿ ತಂತಿ ನಿರಾಸೆ ಮಾಡುತ್ತದೆ. 10–56 ಸೆಟ್ಟಿನ 56, 25.5 ಇಂಚಿನಲ್ಲಿ ಬಿಗೆ 6.7 ಕಿಲೋ ಮಾತ್ರ. ಪಕ್ಕದ ಇ ತಂತಿ 7.9ರಲ್ಲಿರುವಾಗ ಈ ಒಂದು ತಂತಿ ಮೆತ್ತಗೆ, ಮಬ್ಬಾಗಿ ಕೇಳುತ್ತದೆ. ಬಿಡಿ ತಂತಿ ತೆಗೆದುಕೊಂಡು 60 ಅಥವಾ 62 ಹಾಕಿ, ವ್ಯತ್ಯಾಸ ಮೊದಲ ಪಾಮ್ ಮ್ಯೂಟ್‌ನಲ್ಲೇ (ಅಂಗೈ ಅಂಚು ತಂತಿಗೆ ಒತ್ತಿ ನುಡಿಸುವುದು) ಕೇಳುತ್ತದೆ. ಪಿಕಪ್ಪಿನ ದಪ್ಪ ತಂತಿಯ ಕಡೆ ಕೊಂಚ ಇಳಿಸಿ, ಕೊನೆಯ ಫ್ರೆಟ್ ಒತ್ತಿದಾಗ ಪಿಕಪ್ಪಿಗೂ ತಂತಿಗೂ 3 ಮಿಲಿಮೀಟರ್ ಅಂತರ ಇರಲಿ. ಬಿಯಲ್ಲಿ ರಿಫ್ ಹೊಡೆದು ನಿಲ್ಲಿಸಿದಾಗ ಉಳಿದ ತಂತಿಗಳು ತಾವಾಗಿ ಅನುರಣಿಸುತ್ತವೆ, ಆ ನಿಲುಗಡೆ ಗಲೀಜಾಗುತ್ತದೆ. ಮೊದಲ ಫ್ರೆಟ್‌ನ ಹಿಂದೆ ಬಟ್ಟೆಯ ಹೇರ್ ಬ್ಯಾಂಡ್ ಸುತ್ತಿದರೆ ಸಾಕು, ತೆರೆದ ತಂತಿ ಬೇಕಾದಾಗ ನಟ್ಟಿನ ಆಚೆ ಸರಿಸಿಬಿಡಬಹುದು.

ನಟ್ಟಿನ ಬಳಿ ಅಗಲ 43ರ ಬದಲು 48 ಮಿಲಿಮೀಟರ್. ಐದು ಮಿಲಿಮೀಟರ್ ಅಂದರೆ ಏನೂ ಅಲ್ಲ ಅನಿಸಬಹುದು, ಆದರೆ ಹೆಬ್ಬೆರಳನ್ನು ನೆಕ್‌ನ ಮೇಲೆ ತಂದು ಹಿಡಿಯುವ ಅಭ್ಯಾಸ ಇರುವವರ ಮಣಿಕಟ್ಟು ಮೊದಲ ವಾರಗಳಲ್ಲಿ ನೋಯುತ್ತದೆ. ಹೆಬ್ಬೆರಳು ನೆಕ್‌ನ ನಡು ಬೆನ್ನಿಗೆ ಇಳಿಯಬೇಕು. ಬಲಗೈಗೂ ಗೊಂದಲವೇ: ಎ ತಂತಿಗೆ ಹೋಗಬೇಕಾದ ಪಿಕ್ ಇಗೆ ಹೋಗುತ್ತದೆ. ನಿಧಾನದ ಮೆಟ್ರೊನೋಮಿನಲ್ಲಿ ಬರೀ ತಂತಿ ದಾಟುವ ಅಭ್ಯಾಸ ಮಾಡದೆ ಬೇರೆ ಉಪಾಯ ಇಲ್ಲ.

ಬ್ಯಾರಿಟೋನ್ ನುಡಿಸಿದ ಕೂಡಲೇ ಉಳಿದೆಲ್ಲ ರಾಜಿ ಅನಿಸುತ್ತದೆ. ಸೆಳೆತ ಸ್ಕೇಲ್ ಉದ್ದದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದೇ 56ರ ತಂತಿ ಅದೇ ಬಿ ಸ್ವರಕ್ಕೆ 27 ಇಂಚಿನಲ್ಲಿ 7.5 ಕಿಲೋ ಆಗುತ್ತದೆ. ಸ್ವರ ಕಬ್ಬಿಣದ ಸಲಾಕೆಯಂತೆ ನೇರ. ಡಿಸ್ಟಾರ್ಶನ್‌ನಲ್ಲಿ ಮೂರು ಸ್ವರದ ಕಾರ್ಡ್ ಹಿಡಿದರೂ ಒಂದೊಂದೂ ಬಿಡಿಸಿ ಕೇಳುತ್ತದೆ. ಬೆಲೆ ತೆರುವುದು ಎಡಗೈ. ಮೊದಲ ಫ್ರೆಟ್‌ನ ಅಗಲ 25.5 ಇಂಚಿನಲ್ಲಿ 36 ಮಿಲಿಮೀಟರ್, 28 ಇಂಚಿನಲ್ಲಿ 40. ರಿಫಿಗೆ ಅಡ್ಡಿಯಿಲ್ಲ, ಆದರೆ ಪೆಟ್ರುಚಿ ಶೈಲಿಯ ತಂತಿಗೆ ಮೂರು ಸ್ವರದ ಓಟ ಕೆಳಗಿನ ಫ್ರೆಟ್‌ಗಳಲ್ಲಿ ಕೈಗೆ ಎಟುಕುವುದಿಲ್ಲ. ಗಿಗ್ ಬ್ಯಾಗ್ ಕೊಳ್ಳುವ ಮೊದಲು ಅಳತೆ ನೋಡಿ, ಹೆಡ್ ಹೊರಗೆ ಉಳಿಯುತ್ತದೆ. ತಂತಿ ಸೆಟ್ ಇಲ್ಲಿನ ಅಂಗಡಿಯಲ್ಲಿ ಕೇಳಿದ ದಿನವೇ ಸಿಗುತ್ತದೆ ಎಂದು ನಂಬಬೇಡಿ, ಎರಡು ಸೆಟ್ ಮೊದಲೇ ತರಿಸಿಟ್ಟುಕೊಳ್ಳಿ. ಇಡೀ ಸೆಟ್‌ಲಿಸ್ಟ್ ಹೆವಿಯೇ ಆಗಿದ್ದು, ಸೋಲೋ ಹೊಡೆಯುವ ಇನ್ನೊಬ್ಬರು ಬ್ಯಾಂಡಿನಲ್ಲಿದ್ದರೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಪೆಡಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಿಜಿಟೆಕ್ ಡ್ರಾಪ್‌ನಂಥವು ಒಂದೆರಡು ಅರ್ಧ ಸ್ಟೆಪ್ ಇಳಿಸುವ ತನಕ ನಂಬಿಕಸ್ಥ. ನಾಲ್ಕಕ್ಕೆ ಹೋದರೆ ಪಿಕ್ ತಾಗಿದ ಮೊನೆ ಮೊಂಡಾಗುತ್ತದೆ, ಬೆರಳಿಗೂ ಸೌಂಡಿಗೂ ನಡುವಿನ ತಡ ವೇಗದ ರಿಫ್‌ನಲ್ಲಿ ಗೊತ್ತಾಗುತ್ತದೆ. ಮನೆಯಲ್ಲಿ ಮೆಲ್ಲಗೆ ನುಡಿಸಿದರೆ ತಂತಿಯ ನಿಜವಾದ ಸ್ವರವೂ ಕಿವಿಗೆ ಬಿದ್ದು ಕಿರಿಕಿರಿ. ಸೆಟ್‌ನಲ್ಲಿ ಒಂದೇ ಒಂದು ಇಳಿಸಿದ ಹಾಡಿದ್ದರೆ ಸಾಕು ಅನ್ನಬಹುದು.

ಕರಾವಳಿಯ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಈ ಹೋಲಿಕೆ ಪೂರ್ತಿಯಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮರ ತೇವ ಕುಡಿದು ನೆಕ್ ಕದಲುತ್ತದೆ. ಯಾವ ಕಡೆ ಎಂಬುದು ಆಯಾ ಮರಕ್ಕೆ ಬಿಟ್ಟದ್ದು. ಸಡಿಲ ತಂತಿಯ ಸ್ವರ ಬಿಗಿ ತಂತಿಯದ್ದಕ್ಕಿಂತ ಹೆಚ್ಚು ಓಡುತ್ತದೆ, ಏಕೆಂದರೆ ಅಷ್ಟೇ ಕದಲಿಕೆ 5 ಕಿಲೋ ಸೆಳೆತದಲ್ಲಿ ದೊಡ್ಡ ಪಾಲು, 8 ಕಿಲೋದಲ್ಲಿ ಸಣ್ಣ ಪಾಲು. ಸೆಕೆಯಲ್ಲಿ ಕಾದು ನಿಂತು ಎಸಿ ಹಾಲ್ ಒಳಗೆ ಹೋದ ಬ್ಯಾಂಡಿನಲ್ಲಿ ಮೊದಲು ಕೆಡುವುದು 10–46 ಹಾಕಿ ಸಿಗೆ ಇಳಿಸಿದ ಗಿಟಾರ್. ತುಕ್ಕು ಮೊದಲು ಹಿಡಿಯುವುದು ತೆಳು ತಂತಿಗೆ, ಆದರೆ ಸೌಂಡ್ ಕೆಡಿಸುವುದು ದಪ್ಪ ತಂತಿಯ ಸುತ್ತುಗಳ ನಡುವೆ ಸೇರುವ ಬೆವರು. ಹೊಳಪು ಹೋದ ಬಿ ತಂತಿ ಬರೀ ಗೊಗ್ಗರು ದನಿ. ಕೋಟೆಡ್ ತಂತಿ ದುಬಾರಿಯಾದರೂ ಮಳೆಗಾಲಕ್ಕೆ ಲಾಭವೇ. ಕೇಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣ, ನುಡಿಸಿ ಮುಗಿದ ಮೇಲೆ ತಂತಿಯ ಅಡಿಭಾಗಕ್ಕೂ ತಾಗುವಂತೆ ಒಣಬಟ್ಟೆ.

ಇನ್ನು ನಾಲ್ಕೂ ದಾರಿಗೆ ಸಮಾನವಾದ ಒಂದು ಮೋಸ ಇದೆ, ಅದು ಅಭ್ಯಾಸದ ಕೋಣೆಯದ್ದು. ಒಂಬತ್ತು ಅಡಿ ಅಗಲದ ಕೋಣೆ ಸುಮಾರು 63 ಹರ್ಟ್ಸ್‌ಗೆ ತಾನಾಗಿ ಗುಂಯ್ ಎನ್ನುತ್ತದೆ, ಸರಿಯಾಗಿ ಬಿ ಮತ್ತು ಸಿ ನಡುವೆ. ಅಲ್ಲಿ ಯಾವ ಗಿಟಾರ್ ಆದರೂ ಎದೆಗೆ ಗುದ್ದಿದ ಹಾಗೆ ಕೇಳುತ್ತದೆ. ಅದೇ ಪ್ಯಾಚ್ ಹಿಡಿದುಕೊಂಡು ದೊಡ್ಡ ಹಾಲ್‌ಗೆ ಹೋದರೆ ಭಾರವೇ ಮಾಯ. ಗಿಟಾರ್ ಕ್ಯಾಬಿನೆಟ್‌ಗಳಲ್ಲಿ ಹೆಚ್ಚು ಬಳಕೆಯ ಸೆಲೆಶನ್ ವಿಂಟೇಜ್ 30 ಸ್ಪೀಕರ್‌ನ ವ್ಯಾಪ್ತಿ ಶುರುವಾಗುವುದೇ 70 ಹರ್ಟ್ಸ್‌ನಿಂದ. ಬಿ ಸ್ವರದ ಮೂಲ ಕಂಪನ ಅದರ ಕೆಳಗಿದೆ. ನಾವು ಕೇಳುವುದು 123, 185 ಹರ್ಟ್ಸ್‌ನ ಮೇಲುಕಂಪನಗಳನ್ನು, ಕೆಳಗಿನದ್ದನ್ನು ಮಿದುಳು ತುಂಬಿಸಿಕೊಳ್ಳುತ್ತದೆ. ಆದ್ದರಿಂದ ಬಾಸ್ ಗುಂಡಿ ತಿರುಗಿಸಿ ಏರಿಸುವುದರಿಂದ ಏನೂ ಸಿಗುವುದಿಲ್ಲ. ಗಿಟಾರಿಗೆ 80ರಿಂದ 100 ಹರ್ಟ್ಸ್ ಒಳಗೆ ಹೈಪಾಸ್ (ಅದಕ್ಕಿಂತ ಕೆಳಗಿನದ್ದನ್ನು ತಗ್ಗಿಸುವ ಫಿಲ್ಟರ್) ಹಾಕಿ, ಗೇನ್ ನಿಮಗೆ ಬೇಕೆನಿಸಿದ್ದಕ್ಕಿಂತ ಕಾಲು ಭಾಗ ಇಳಿಸಿ, ಮುಂದೆ ಟ್ಯೂಬ್ ಸ್ಕ್ರೀಮರ್ ಮಾದರಿಯ ಓವರ್‌ಡ್ರೈವ್ ಪೆಡಲ್ ಇಟ್ಟು ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ, ಟೋನ್ ನಡುವೆ ಇಡಿ. ಆಂಪಿಗೆ ಹೋಗುವ ಮೊದಲೇ ಕೆಳಗಿನ ಕೊಬ್ಬು ಕರಗಿ ರಿಫ್‌ನ ಅಂಚು ಹರಿತವಾಗುತ್ತದೆ.

ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವಾಗ ನಡುಕ ಹುಟ್ಟಿಸುವ ಚೆಂಡೆಯ ದನಿ ಏರುದನಿಯೇ. ಅಷ್ಟು ಹೊತ್ತು ಮದ್ದಳೆಯಲ್ಲಿ ಸಾಗಿದ ಆಟಕ್ಕೆ ಆಗ ಚೆಂಡೆ ಬೀಳುವುದರಿಂದ ಅದಕ್ಕೆ ಆ ಭಾರ. 2003ರ ಆಲ್ಬಮ್ಮನ್ನು ಒಪ್ಪದವರೂ ಒಪ್ಪುವವರೂ ಕೀಬೋರ್ಡ್ ಎಲ್ಲಿ ಸುಮ್ಮನಾಗುತ್ತದೆ ಎಂಬುದನ್ನು ಒಮ್ಮೆ ಗಮನಿಸಿ ಕೇಳಲಿ. ನಮ್ಮ ಬ್ಯಾಂಡ್‌ಗಳಲ್ಲಿ ಕೀಬೋರ್ಡಿನವರ ಎಡಗೈ ರಿಫ್‌ನ ಜಾಗದಲ್ಲೇ ಪ್ಯಾಡ್ (ಎಳೆದು ನಿಲ್ಲುವ ಸ್ವರಗುಚ್ಛ) ಒತ್ತಿಹಿಡಿದಿರುತ್ತದೆ. ಆ ಎಡಗೈ ಎತ್ತಿಸಿದರೆ ಆರು ತಂತಿಯ ಗಿಟಾರೂ ಏಳು ತಂತಿಯಷ್ಟು ದೊಡ್ಡದಾಗಿ ಕೇಳುತ್ತದೆ.

ಹಳೆಯದು ಹೊಸದು ಎರಡೂ ನುಡಿಸುವ ಬ್ಯಾಂಡಿಗೆ ನಮ್ಮ ಆಯ್ಕೆ ಏಳು ತಂತಿ, 62ರ ಬಿ. ದುಡ್ಡು ಕಡಿಮೆ ಇದ್ದರೆ ಫಿಕ್ಸೆಡ್ ಬ್ರಿಡ್ಜಿನ ಆರು ತಂತಿಗೆ 12–56. ಉಳಿದ ಹಣ ಬಾಸಿಗೆ ಹೋಗಲಿ. ಗಿಟಾರ್ ಬಿಗೆ ಇಳಿದ ಮೇಲೆ ನಾಲ್ಕು ತಂತಿಯ ಬಾಸ್ ಇಯಲ್ಲೇ ನಿಂತರೆ ಎರಡೂ ಒಂದೇ ಜಾಗಕ್ಕೆ ಗುದ್ದಾಡುತ್ತವೆ. ಐದು ತಂತಿಯ ಬಾಸ್ ಇಲ್ಲದಿದ್ದರೆ ಐದರ ಸೆಟ್ ತಂದು ಕೆಳಗಿನ ನಾಲ್ಕನ್ನೇ ಬಿ, ಇ, ಎ, ಡಿ ಎಂದು ಹಾಕಿ. ಬಿ ತಂತಿ 130 ಇರಲಿ, ನಟ್ ಉಜ್ಜಿಸಲು ಮರೆಯಬೇಡಿ. ಅದರ ಮೂಲ ಕಂಪನ 30.9 ಹರ್ಟ್ಸ್, ಸಬ್‌ವೂಫರ್ ಇಲ್ಲದ ಹಾಲಿನ ಸ್ಪೀಕರಿನಲ್ಲಿ ಅದು ಬರುವುದೇ ಇಲ್ಲ. ಹಾಗಾಗಿ ಸೌಂಡ್‌ಚೆಕ್‌ನಲ್ಲಿ ಮೊದಲು ಬಾಸ್ ಮತ್ತು ಕಿಕ್ ಡ್ರಮ್ ಎರಡನ್ನೇ ಕೇಳಿ. 60 ಹರ್ಟ್ಸ್ ಆಸುಪಾಸು ಒಬ್ಬರಿಗೆ ಮಾತ್ರ ಬಿಟ್ಟುಕೊಡಿ, ಕಿಕ್‌ಗೆ 4 ಕಿಲೋಹರ್ಟ್ಸ್ ಸುತ್ತ ಸ್ವಲ್ಪ ಏರಿಸಿದರೆ ಡಬಲ್ ಪೆಡಲ್‌ನ ಒಂದೊಂದು ಪೆಟ್ಟೂ ಬಿಡಿಯಾಗಿ ಕೇಳುತ್ತದೆ. ಗಿಟಾರಿನ ಫೇಡರ್ ಎತ್ತುವುದು ಆಮೇಲೆ.