ಫೋನಿನಲ್ಲಿ ತಿರುಗದ ಪಿಡಿಎಫ್: 2007ರಿಂದ ಬಳಸುತ್ತಿರುವವಳ ಅನುಭವ

ನಾನು ಪೀಣ್ಯದಲ್ಲಿ ಫಿಕ್ಸ್ಚರ್ ಡಿಸೈನ್ ಮಾಡುವವಳು. ಮಷಿನ್ ಮೇಲೆ ಜಾಬ್, ಅಂದರೆ ಕೆಲಸ ಮಾಡಬೇಕಾದ ಬಿಡಿಭಾಗ, ಅಲುಗಾಡದಂತೆ ಹಿಡಿದಿಡುವ ಸಾಮಾನು ಅದು. ಡಿಸೈನ್ ಎಲ್ಲಾ 3ಡಿಯಲ್ಲೇ. ಆದರೆ ಅದನ್ನು ನೋಡಿ ಸರಿ ಅನ್ನಬೇಕಾದವರಲ್ಲಿ ಮುಕ್ಕಾಲು ಪಾಲು ಜನರ ಹತ್ತಿರ ಕ್ಯಾಡ್ (ಕಂಪ್ಯೂಟರಿನಲ್ಲಿ ಡಿಸೈನ್ ಮಾಡುವ) ಸಾಫ್ಟ್‌ವೇರ್ ಇರುವುದಿಲ್ಲ. ಸುಮ್ನೆ ನೋಡೋಕೆ ಯಾರು ಲೈಸೆನ್ಸ್ ತಗೋತಾರೆ? ಅದಕ್ಕೇ 2007ರಿಂದ 3ಡಿ ಪಿಡಿಎಫ್, ಅಂದರೆ ಒಳಗಿನ ಮಾಡೆಲ್ಲನ್ನು ಮೌಸ್‌ನಲ್ಲಿ ತಿರುಗಿಸಿ ನೋಡಬಹುದಾದ ಪಿಡಿಎಫ್, ಕಳಿಸುತ್ತಾ ಬಂದಿದ್ದೇನೆ.

ಶುರು ಮಾಡಿದ್ದು ಅಕ್ರೋಬ್ಯಾಟ್ 3ಡಿ ಅನ್ನುವ ಸಾಫ್ಟ್‌ವೇರ್‌ನಿಂದ. ಅಡೋಬಿ ಅದನ್ನು 2006ರಲ್ಲಿ ತಂದಿತ್ತು. ಅದರಲ್ಲಿದ್ದ ಕ್ಯಾಪ್ಚರ್ ಅನ್ನುವುದು ನನಗೆ ಆಗ ಕಣ್ಕಟ್ಟಿನ ಹಾಗೇ ಕಂಡಿತ್ತು. ಕ್ಯಾಡ್‌ನಲ್ಲಿ ಮಾಡೆಲ್ ತೆರೆದಿಟ್ಟು ಪ್ರಿಂಟ್ ಸ್ಕ್ರೀನ್ ಕೀ ಒತ್ತಿದರೆ ಫೋಟೋ ಬರುವ ಬದಲು ಇಡೀ ಮಾಡೆಲ್ಲೇ ಪಿಡಿಎಫ್‌ನೊಳಗೆ ಬಂದು ಕೂರುತ್ತಿತ್ತು. ಮೊದಲ ಸಲ ಮೌಸ್‌ನಲ್ಲಿ ತಿರುಗಿಸಿದ ದಿನ ಅಕ್ಕಪಕ್ಕದ ಟೇಬಲಿನವರನ್ನೆಲ್ಲ ಕರೆದು ತೋರಿಸಿದ್ದೆ.

ಸ್ಕ್ರೀನ್ ಮೇಲೆ ತೋರಿಸೋಕೆ ಮಾಡೆಲ್‌ನ ಮೇಲ್ಮೈಯನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಒಡೆಯುತ್ತಾರೆ. ಕ್ಯಾಡ್ ಸಾಫ್ಟ್‌ವೇರ್ ಓಪನ್‌ಜಿಎಲ್ (3ಡಿ ಚಿತ್ರ ಬಿಡಿಸುವ ಒಂದು ವ್ಯವಸ್ಥೆ) ಮೂಲಕ ಗ್ರಾಫಿಕ್ಸ್ ಕಾರ್ಡಿಗೆ ಕಳಿಸುವ ಆ ತ್ರಿಕೋನಗಳನ್ನು ಕ್ಯಾಪ್ಚರ್ ದಾರಿಯಲ್ಲೇ ಹಿಡಿದುಕೊಳ್ಳುತ್ತಿತ್ತು, ಅಷ್ಟೇ. ಹಾಗಾಗಿ ಓಪನ್‌ಜಿಎಲ್ ಬಳಸುವ ಯಾವ ಕ್ಯಾಡ್ ಆದರೂ ನಡೆಯುತ್ತಿತ್ತು. ಆದರೆ ಸಿಗುತ್ತಿದ್ದದ್ದು ಬರೀ ಸಿಪ್ಪೆ. ಹತ್ತಿರದಿಂದ ನೋಡಿದರೆ ದುಂಡು ತೂತಿಗೂ ಮೂಲೆಗಳು. ಮಿಲಿಮೀಟರೋ ಇಂಚೋ ಅದಕ್ಕೆ ಗೊತ್ತಿಲ್ಲ. ಸ್ಕ್ರೀನ್ ಮೇಲೆ ಮರೆ ಮಾಡಿದ್ದ ಭಾಗ ಬರುವುದೇ ಇಲ್ಲ.

2010ರಲ್ಲಿ ಅಕ್ರೋಬ್ಯಾಟ್ ಹತ್ತನೇ ಆವೃತ್ತಿ ಬಂದಾಗ ಕ್ಯಾಡ್ ಮಾಡೆಲ್ಲನ್ನು 3ಡಿ ಪಿಡಿಎಫ್ ಆಗಿ ಬದಲಾಯಿಸುವ ಸೌಲಭ್ಯ ತೆಗೆದರು. ಈಗ ನಾನು ನನ್ನ ಕ್ಯಾಡ್ ಸಾಫ್ಟ್‌ವೇರ್ ಸಾಲಿಡ್‌ವರ್ಕ್ಸ್‌ನಲ್ಲೇ ಸೇವ್ ಆಸ್ ಕೊಟ್ಟು, ಪಿಡಿಎಫ್ ಆರಿಸಿ, 3ಡಿ ಅನ್ನುವ ಕಡೆ ಟಿಕ್ ಹಾಕುತ್ತೇನೆ. ಮುಗೀತು.

ಇದರಿಂದ ಏನು ಲಾಭ ಅಂದರೆ, ಒಂದು ಘಟನೆ ಹೇಳುತ್ತೇನೆ. ಮೂರನೇ ಕ್ರಾಸಿನಲ್ಲಿ ಒಬ್ಬರು ಅಣ್ಣ ನನ್ನ ಫಿಕ್ಸ್ಚರ್‌ಗಳನ್ನು ಮಾಡಿಕೊಡುತ್ತಾರೆ. ಅವರ ಕಂಪ್ಯೂಟರಿನ ಕೀಬೋರ್ಡ್ ಮೇಲೆ ಕೂಲೆಂಟ್ ಎಣ್ಣೆಯದೇ ಒಂದು ಪದರ. ಒಂದು ಸಲ ಪಿಡಿಎಫ್ ತೆರೆದು, ಪಕ್ಕದ ಪಟ್ಟಿಯಲ್ಲಿ ಒಂದೊಂದೇ ಭಾಗ ಮರೆ ಮಾಡಿ, ಕ್ರಾಸ್ ಸೆಕ್ಷನ್ ಹಾಕಿ ಅಡ್ಡ ಕತ್ತರಿಸಿ ನೋಡಿದರು. ಆಮೇಲೆ ಫೋನ್. "ಮೇಡಂ, ಈ ಬೋಲ್ಟ್ ಟೈಟ್ ಮಾಡೋಕೆ ಅಲೆನ್ ಕೀ ಎಲ್ಲಿಂದ ತೂರಿಸ್ಲಿ?" ನಿಜ, ಕ್ಲಾಂಪ್ ಅಡ್ಡ ಬರುತ್ತಿತ್ತು. ಮೂರು ವ್ಯೂ ಇರುವ ಪೇಪರ್ ಡ್ರಾಯಿಂಗಿನಲ್ಲಿ ನನಗೇ ಕಂಡಿರಲಿಲ್ಲ. ಕಬ್ಬಿಣ ಕತ್ತರಿಸುವ ಮೊದಲೇ ಗೊತ್ತಾಯಿತಲ್ಲ, ಬಚಾವ್.

ಇನ್ನೊಂದು ಸಮಾಧಾನ, ಡಿಸೈನ್ ಕಳ್ಳತನದ ಭಯ ಕಡಿಮೆ. ಮೊದಲು ಒಪ್ಪಿಗೆಗೆ ಅಂತ ಸ್ಟೆಪ್ ಫೈಲ್ (ಯಾವ ಕ್ಯಾಡ್‌ನಲ್ಲಾದರೂ ತೆರೆಯಬಹುದಾದ ಪೂರ್ತಿ ಮಾಡೆಲ್) ಕಳಿಸುತ್ತಿದ್ದೆ. ಒಂದು ಪಾರ್ಟಿ ಅದನ್ನೇ ಬೇರೆ ಶಾಪಿಗೆ ಕೊಟ್ಟು ಮಾಡಿಸಿಕೊಂಡಿತು. ನನಗೆ ಆರ್ಡರೂ ಇಲ್ಲ, ಡಿಸೈನ್ ದುಡ್ಡೂ ಇಲ್ಲ. ಪಿಡಿಎಫ್‌ನಲ್ಲಿ ತ್ರಿಕೋನಗಳಷ್ಟೇ ಇದ್ದರೆ ಅಷ್ಟು ಸುಲಭವಾಗಿ ಹಾಗೆ ಮಾಡೋಕಾಗಲ್ಲ. ಆದರೂ ಹುಷಾರು: 3ಡಿ ಪಿಡಿಎಫ್‌ನೊಳಗೆ ಯು3ಡಿ, ಪಿಆರ್‌ಸಿ ಅಂತ ಎರಡು ಬಗೆ ಇವೆ. ಪಿಆರ್‌ಸಿಯಲ್ಲಿ ನಿಖರವಾದ ಮೇಲ್ಮೈಗಳನ್ನೂ ತುಂಬಬಹುದು, ಆಗ ನಕಲು ಮಾಡೋದು ಸುಲಭ. ಕಳಿಸುವ ಮುಂಚೆ ಏನು ತುಂಬಿದೆ ಅಂತ ನೋಡಿಕೊಳ್ಳಿ. 3ಡಿ ಪಿಡಿಎಫ್‌ನ ಸೈಜೂ ಕಡಿಮೆ. ನನ್ನ 180 ಎಂಬಿ ಅಸೆಂಬ್ಲಿ 6 ಎಂಬಿಗೆ ಇಳಿದಿದ್ದಿದೆ, ಮೇಲ್‌ನಲ್ಲಿ ಆರಾಮಾಗಿ ಹೋಗುತ್ತದೆ.

ಈಗ ತಲೆನೋವು. ಇದು ಕಂಪ್ಯೂಟರಿನ ಅಕ್ರೋಬ್ಯಾಟ್ ರೀಡರ್‌ನಲ್ಲಿ ತಿರುಗುತ್ತದೆ. ಕ್ರೋಮ್‌ನಲ್ಲಿ ಇಲ್ಲ, ವಾಟ್ಸಾಪಿನಲ್ಲಿ ಒತ್ತಿ ತೆರೆದರೆ ಇಲ್ಲ. ಅಲ್ಲಿ ಕಾಣುವುದು ಬರೀ ಒಂದು ಚಿತ್ರ. ಈಗ ಎಲ್ಲರೂ ಮೊದಲು ನೋಡುವುದೇ ಫೋನಿನಲ್ಲಿ ಅಲ್ವಾ? "ಇದು ತಿರುಗ್ತಾನೇ ಇಲ್ವಲ್ರೀ" ಅನ್ನುವ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ರೀಡರ್‌ನಲ್ಲೂ ಸುರಕ್ಷತೆಗೆ ಅಂತ 3ಡಿಯನ್ನು ಮೊದಲೇ ಆಫ್ ಮಾಡಿಟ್ಟಿರುತ್ತಾರೆ. ಮೇಲೆ ಹಳದಿ ಪಟ್ಟಿ ಬರುತ್ತದೆ, ಅಲ್ಲಿ ಈ ಫೈಲ್ ಮೇಲೆ ನಂಬಿಕೆ ಇದೆ ಅಂತ ಒಪ್ಪಬೇಕು. ಕಂಪ್ಯೂಟರ್ ಬಳಸಿ ಜಾಸ್ತಿ ಅಭ್ಯಾಸ ಇಲ್ಲದವರು ಹಳದಿ ಕಂಡ ತಕ್ಷಣ ವೈರಸ್ ಅಂತ ಮುಚ್ಚಿಬಿಡುತ್ತಾರೆ. ಒಂದು ದೊಡ್ಡ ಕಂಪನಿಯಲ್ಲಂತೂ ಐಟಿಯವರು ಅದನ್ನು ಪೂರ್ತಿ ಬಂದ್ ಮಾಡಿದ್ದರು. ಕೊನೆಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ನಾನೇ ಹೋದೆ.

ಅದಕ್ಕೇ ಈಗ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆಯುತ್ತೇನೆ: "ಕಂಪ್ಯೂಟರಿನಲ್ಲಿ ರೀಡರ್‌ನಿಂದಲೇ ತೆರೆಯಿರಿ. ಹಳದಿ ಪಟ್ಟಿ ಬಂದರೆ ಹೆದರಬೇಡಿ." ಕೆಳಗೆ ಹಳದಿ ಪಟ್ಟಿಯ ಫೋಟೋ, ಅದಕ್ಕೊಂದು ಬಾಣ. ಇಷ್ಟು ಮಾಡಿದ ಮೇಲೆ ಕರೆಗಳು ಅರ್ಧಕ್ಕರ್ಧ ಕಡಿಮೆಯಾಗಿವೆ. ಕಂಪ್ಯೂಟರ್ ಮುಂದೆ ಕೂರುವ ವೆಂಡರ್ ನಿಮಗಿದ್ದರೆ ಕಣ್ಣು ಮುಚ್ಚಿ ಬಳಸಿ. ಐದಕ್ಕೆ ಮೂರೂವರೆ ಕೊಡುತ್ತೇನೆ.

ಫೋನ್ ಬಿಡದ ಪಾರ್ಟಿಗಳಿಗೆ ಮಾತ್ರ ಮಾಡೆಲ್ ತಿರುಗುವ 20 ಸೆಕೆಂಡಿನ ವಿಡಿಯೋ ಮಾಡಿ ವಾಟ್ಸಾಪಿಗೆ ಹಾಕುತ್ತೇನೆ. ಮೊನ್ನೆ ಒಬ್ಬರು ಅದನ್ನೂ ನಿಲ್ಲಿಸಿ, ಬೆರಳಿನಲ್ಲಿ ತಿರುಗಿಸೋಕೆ ನೋಡುತ್ತಿದ್ದರು.