ಏಳೇ ಸಾಕೆಟ್ ಇರುವ ವೆಬ್ ಸರ್ವರ್ ಜೊತೆ ಮೂರು ವರ್ಷ

ನನ್ನ ಸರ್ವರ್ ಕ್ಯಾಬಿನೆಟ್ಟಿನ ಫ್ಯಾನು, ರಿಲೇ, ಬ್ಯಾಟರಿ ವೋಲ್ಟೇಜು ಎಲ್ಲವನ್ನೂ ನೋಡಿಕೊಳ್ಳುವುದು ಒಂದು ಇಎಸ್‌ಪಿ32 ಬೋರ್ಡು, ಅಂದರೆ ವೈಫೈ ಇರುವ ಪುಟ್ಟ ಮೈಕ್ರೊಕಂಟ್ರೋಲರ್. ಅದರೊಳಗೆ ಓಡುವುದು ಇಎಸ್‌ಪಿ-ಐಡಿಎಫ್ (ಚಿಪ್ ತಯಾರಕರೇ ಕೊಡುವ ಸಾಫ್ಟ್‌ವೇರ್ ಕಿಟ್) ಜೊತೆಗೇ ಬರುವ ಪುಟ್ಟ ವೆಬ್ ಸರ್ವರ್. ಚಿಪ್ಪಿನ ಉಳಿದ ವಿವರ ಬಿಡುತ್ತೇನೆ. ಮೊದಲ ವರ್ಷವಿಡೀ ನನ್ನನ್ನು ಕಾಡಿದ ಒಂದು ತಾಪತ್ರಯ ಇದೆ, ಅದನ್ನು ಹೇಳಲೇಬೇಕು.

ಒಂದು ರಾತ್ರಿ ಕ್ಯಾಬಿನೆಟ್ ಮುಟ್ಟಿದರೆ ಬಿಸಿ. ಫೋನ್ ತೆಗೆದು ಆ ಸರ್ವರಿನ ಪುಟ ಒತ್ತಿದೆ, ತೆರೆಯಲಿಲ್ಲ. ಎರರ್ ಬಂದಿದ್ದರೆ ಏನೋ ಕೆಟ್ಟಿದೆ ಅಂತಾದರೂ ತಿಳಿಯುತ್ತಿತ್ತು. ಅದೂ ಇಲ್ಲ, ಚಕ್ರ ಸುತ್ತುತ್ತಲೇ ಇತ್ತು. ಪಿಂಗ್ ಮಾಡಿದರೆ, ಅಂದರೆ ನೆಟ್‌ವರ್ಕಿನಲ್ಲಿ ‘ಇದ್ದೀಯಾ’ ಎಂದು ಕೇಳಿದರೆ, ತಕ್ಷಣ ಉತ್ತರ. ಬೋರ್ಡಿಗೆ ಜೀವ ಇದೆ, ಬಾಗಿಲು ಮಾತ್ರ ತೆಗೆಯುತ್ತಿಲ್ಲ. ಕರೆಂಟ್ ತೆಗೆದು ಹಾಕಿದೆ, ಸರಿಹೋಯಿತು. ನಾಲ್ಕು ದಿನಕ್ಕೆ ಮತ್ತೆ ಅದೇ ಕಥೆ.

ಕಾರಣ ಸಿಕ್ಕಿದ್ದು ಎಷ್ಟೋ ತಿಂಗಳ ಮೇಲೆ. ಡೀಫಾಲ್ಟಿನಲ್ಲಿ ಈ ಸರ್ವರ್ ಒಂದು ಸಲಕ್ಕೆ 7 ಸಂಪರ್ಕ ಮಾತ್ರ ಇಟ್ಟುಕೊಳ್ಳುತ್ತದೆ. ಕೆಳಗಿನ ನೆಟ್‌ವರ್ಕ್ ಪದರದಲ್ಲಿ ಡೀಫಾಲ್ಟಾಗಿ ಇರುವುದೇ 10 ಸಾಕೆಟ್ (ಒಂದೊಂದು ಸಂಪರ್ಕಕ್ಕೆ ಒಂದೊಂದು ಜಾಗ), ಅದರಲ್ಲಿ 3 ಸರ್ವರಿನ ಸ್ವಂತ ಖರ್ಚಿಗೆ ಹೋಗುತ್ತವೆ. ಇತ್ತ ಕ್ರೋಮ್, ಫೈರ್‌ಫಾಕ್ಸ್‌ನಂಥ ಬ್ರೌಸರುಗಳು ಒಂದೇ ವಿಳಾಸಕ್ಕೆ 6 ಸಂಪರ್ಕದವರೆಗೆ ತೆರೆಯುತ್ತವೆ, ಮುಂದೆ ಬೇಕಾದೀತೆಂದು ಹಿಡಿದುಕೊಂಡೂ ಇರುತ್ತವೆ. ನನ್ನ ಪುಟದಲ್ಲಿ ಸ್ಟೈಲು, ಸ್ಕ್ರಿಪ್ಟು, ಐಕಾನು ಎಲ್ಲ ಬೇರೆ ಬೇರೆ ಫೈಲು, ಆರೂ ಬಳಕೆಯಾಗುತ್ತಿದ್ದವು. ಲ್ಯಾಪ್‌ಟಾಪ್ ಮುಚ್ಚಿದರೆ, ಫೋನು ವೈಫೈ ಬಿಟ್ಟು ಆಚೆ ಹೋದರೆ, ‘ಹೊರಟೆ’ ಎನ್ನುವ ಪ್ಯಾಕೆಟ್ಟೇ ಬರುವುದಿಲ್ಲ. ಹೋದವರು ಇನ್ನೂ ಇದ್ದಾರೆ ಎಂದುಕೊಂಡು ಸರ್ವರ್ ಅವರ ಜಾಗ ಕಾಯುತ್ತದೆ. ಏಳೂ ತುಂಬಿದ ಮೇಲೆ ಬಂದವರು ಸರದಿಯಲ್ಲಿ ನಿಲ್ಲುತ್ತಾರೆ, ಒಳಗೆ ಕರೆಯುವವರಿಲ್ಲ. ಆ ಸುತ್ತುವ ಚಕ್ರದ ಗುಟ್ಟು ಇದೇ.

ಬೇಕಾಗಿದ್ದು ಒಂದೇ ಸಾಲು. ‘ಎಲ್‌ಆರ್‌ಯು ಪರ್ಜ್’ ಎಂಬ ಸೆಟ್ಟಿಂಗ್ ಆನ್ ಮಾಡಿದರೆ, ಬಹಳ ಹೊತ್ತಿನಿಂದ ಸುಮ್ಮನಿರುವ ಸಂಪರ್ಕವನ್ನು ಕಡಿದು ಹೊಸಬರಿಗೆ ಜಾಗ ಕೊಡುತ್ತದೆ. ಡೀಫಾಲ್ಟಿನಲ್ಲಿ ಅದು ಆಫ್. ಹಾರ್ಡ್‌ವೇರ್ ನೋಡಿಕೊಳ್ಳುವ ಪುಟ ನಮಗೆ ಬೇಕಾಗುವುದೇ ಏನಾದರೂ ಕೈಕೊಟ್ಟಾಗ. ಆಗ ಬಾಗಿಲು ತೆರೆಯದಿದ್ದರೆ ಆ ಪುಟ ಇದ್ದೇನು ಪ್ರಯೋಜನ? ಹೊಸದಾಗಿ ಶುರು ಮಾಡುವವರು ಮೊದಲ ದಿನವೇ ಅದನ್ನು ಆನ್ ಮಾಡಿಕೊಳ್ಳಿ, ಜೊತೆಗೆ ಫೈಲುಗಳನ್ನೆಲ್ಲ ಒಂದೇ ಪುಟಕ್ಕೆ ಸೇರಿಸಿ ಜಿಜಿಪ್ ಮಾಡಿ ಕುಗ್ಗಿಸಿಡಿ.

ಇಷ್ಟು ಸಿಟ್ಟು ಬಂದರೂ ಬೋರ್ಡನ್ನು ಕಿತ್ತು ಹಾಕಲಿಲ್ಲ. ಆ ರಾತ್ರಿಯ ಲಾಗ್ ಆಮೇಲೆ ತೆಗೆದು ನೋಡಿದರೆ, ಪುಟ ತೆರೆಯದೆ ಇದ್ದಷ್ಟು ಹೊತ್ತೂ ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗುತ್ತಲೇ ಇತ್ತು. ಫ್ಯಾನ್ ನೋಡಿಕೊಳ್ಳುವ ಟಾಸ್ಕ್ (ಬೋರ್ಡಿನಲ್ಲಿ ತನ್ನ ಪಾಡಿಗೆ ಓಡುವ ಕೆಲಸ) ಬೇರೆ, ಪುಟ ಕೊಡುವ ಟಾಸ್ಕ್ ಬೇರೆ. ಆ ಗ್ರಾಫ್ ನೋಡಿದಾಗ ಮನಸ್ಸು ತಣ್ಣಗಾಯಿತು.

ಈ ಬೇರ್ಪಡಿಕೆಯನ್ನು ಆಮೇಲೆ ಸೆನ್ಸರಿಗೂ ತಂದೆ. ಡಿಎಸ್18ಬಿ20 ಸೆನ್ಸರ್ 12 ಬಿಟ್ ಸೂಕ್ಷ್ಮತೆಯಲ್ಲಿ ತಾಪ ಅಳೆಯಲು 750 ಮಿಲಿಸೆಕೆಂಡ್‌ವರೆಗೆ ತೆಗೆದುಕೊಳ್ಳುತ್ತದೆ. ಪುಟ ಕೇಳಿದಾಗಲೇ ಅಳೆಯಲು ಹೊರಟರೆ, ಎಲ್ಲ ಕೋರಿಕೆಗಳೂ ಒಂದೇ ಟಾಸ್ಕಿನಲ್ಲಿ ಸಾಗುವುದರಿಂದ ಹಿಂದೆ ಸರದಿಯಲ್ಲಿ ನಿಂತವರೂ ಕಾಯಬೇಕು. ಈಗ ಸೆನ್ಸರ್ ತನ್ನ ಪಾಡಿಗೆ ಅಳೆದು ಬರೆದಿಡುತ್ತದೆ, ಪುಟ ಕೊನೆಯ ಅಂಕಿ ಎತ್ತಿಕೊಡುತ್ತದೆ. ಒತ್ತಿದರೆ ಸಾಕು, ಬಂದುಬಿಡುತ್ತದೆ.

ದಿನಾ ಬೆಳಿಗ್ಗೆ ಎದ್ದ ತಕ್ಷಣ ಈ ಪುಟ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ತಾಪ, ಫ್ಯಾನ್ ವೇಗ, ವೋಲ್ಟೇಜು, ಕೊನೆಗೆ ಸಣ್ಣ ಅಕ್ಷರದಲ್ಲಿ ‘ಇದುವರೆಗಿನ ಕನಿಷ್ಠ ಖಾಲಿ ಮೆಮೊರಿ’. ಆ ಕೊನೆಯ ಅಂಕಿಯೇ ನನಗೆ ಅಚ್ಚುಮೆಚ್ಚು. ರೀಬೂಟ್ ಆಗುವವರೆಗೆ ಅದು ಇಳಿಯಬಹುದು, ಏರುವುದಿಲ್ಲ. ನಿನ್ನೆಯ ಅಂಕಿಯೇ ದಿನಗಟ್ಟಲೆ ಹಾಗೇ ಇದ್ದರೆ ಮೆಮೊರಿ ಎಲ್ಲೂ ಸೋರುತ್ತಿರಲಿಕ್ಕಿಲ್ಲ ಎಂದುಕೊಳ್ಳುತ್ತೇನೆ. ಆಮೇಲೆ ಮುಖ ತೊಳೆಯಲು ಹೋಗುತ್ತೇನೆ.

ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಯುವ ಎಚ್‌ಟಿಟಿಪಿಎಸ್ ಹಾಕಿ ನೋಡಿದೆ. ಒಂದೊಂದು ಸಂಪರ್ಕವೂ ಹತ್ತಾರು ಕಿಲೋಬೈಟ್ ಮೆಮೊರಿ ನುಂಗುತ್ತದೆ, ಹಾಗಾಗಿ ತೆಗೆದು, ಪುಟವನ್ನು ವಿಪಿಎನ್ (ಖಾಸಗಿ ಸುರಕ್ಷಿತ ಜಾಲ) ಹಿಂದೆ ಇಟ್ಟೆ. ಹೊರಗಿನ ಹತ್ತು ಜನ ಬಳಸುವ ಪುಟವಾದರೆ ಇನ್ನಷ್ಟು ದುಡ್ಡು ಹಾಕಿ ಲಿನಕ್ಸ್ ಬೋರ್ಡೇ ತೆಗೆದುಕೊಳ್ಳಿ. ನನ್ನಂತೆ ಒಬ್ಬರೋ ಇಬ್ಬರೋ ನೋಡುವವರಿಗೆ ಇದು ಧಾರಾಳ.

ಹೊಸ ಫರ್ಮ್‌ವೇರನ್ನೂ (ಬೋರ್ಡಿನೊಳಗೆ ಓಡುವ ಪ್ರೋಗ್ರಾಂ) ಇದೇ ಪುಟದಿಂದಲೇ ಏರಿಸುತ್ತೇನೆ. ಬೋರ್ಡಿನ ಫ್ಲ್ಯಾಶ್ ಮೆಮೊರಿಯಲ್ಲಿ ಎರಡು ವಿಭಾಗ, ಒಂದರಲ್ಲಿ ಹಳೆಯದು ಹಾಗೇ ಉಳಿದಿರುತ್ತದೆ. ಹೊಸದು ‘ನಾನು ಸರಿಯಿದ್ದೇನೆ’ ಎಂದು ಗುರುತು ಹಾಕಿಕೊಳ್ಳದೆ ರೀಬೂಟ್ ಆದರೆ ಹಳೆಯದಕ್ಕೇ ಮರಳುತ್ತದೆ. ಆ ಗುರುತನ್ನು ಬೂಟ್ ಆದ ಕೂಡಲೇ ಹಾಕುವ ಕ್ರಮ ಬಿಟ್ಟಿದ್ದೇನೆ. ಹತ್ತು ನಿಮಿಷದೊಳಗೆ ಯಾವುದಾದರೂ ಬ್ರೌಸರಿಗೆ ಪುಟ ಪೂರ್ತಿ ತಲುಪಿದರೆ ಮಾತ್ರ ಗುರುತು, ಇಲ್ಲದಿದ್ದರೆ ತಾನಾಗಿ ರೀಬೂಟ್. ಕಳೆದ ತಿಂಗಳು ವೈಫೈ ಹೆಸರು ತಪ್ಪು ಬರೆದ ಫರ್ಮ್‌ವೇರ್ ಏರಿಸಿಬಿಟ್ಟಿದ್ದೆ. ಹತ್ತು ನಿಮಿಷ ಪುಟ ಇರಲಿಲ್ಲ, ಹನ್ನೊಂದನೆಯ ನಿಮಿಷಕ್ಕೆ ಹಳೆಯ ಪುಟ ಹಳೆಯ ಅಂಕಿಗಳೊಂದಿಗೆ ತೆರೆದುಕೊಂಡಿತು.